ಸಂಶಯದ ಚಿಕಿತ್ಸೆ, ಸಾಮೂಹಿಕ ಹಣ

ಆರೋಗ್ಯ ವಿಮೆಯ ನಿರಾಕರಣೆಯಲ್ಲಿ ಎರಡು ಜಾತಿ. ‘ಇದಕ್ಕೆ ಕೊಡುವಷ್ಟು ಹಣವಿಲ್ಲ’ ಎನ್ನುವುದು ಒಂದು, ‘ಇದರಿಂದ ರೋಗಿ ಉಳಿಯುತ್ತಾನೆಂಬ ಭರವಸೆಯಿಲ್ಲ’ ಎನ್ನುವುದು ಇನ್ನೊಂದು. ಮೊದಲನೆಯದು ಹತ್ತಾರು ಮಂದಿಯ ಹಣ ಕಾಯುವವರು ಹೇಳಬಹುದಾದ ಮಾತು. ಎರಡನೆಯದನ್ನು ಹೇಳುವ ಅಧಿಕಾರ ಹಣ ಕಾಯುವವರಿಗೆ ಇದೆಯೇ ಎಂಬುದೇ ಇಲ್ಲಿನ ಪ್ರಶ್ನೆ. ಅಸ್ಥಿಮಜ್ಜೆಯ ಕಸಿ, ಸೋತ ಹೃದಯಕ್ಕೆ ಮಾಡುವ ಬೈಪಾಸ್, ಯಕೃತ್ತಿನ ಕಸಿ ಮುಂತಾದ ಚಿಕಿತ್ಸೆಗಳಲ್ಲಿ ಪ್ರಾಣಾಪಾಯವೂ ಉಂಟು, ಖರ್ಚೂ ಹೆಚ್ಚು. ಹಾಗಾಗಿ ರೋಗಿಯ ಮನೆಯವರ ಕೈಗೆ ಬರುವ ಕಾಗದದಲ್ಲಿ ಎರಡು ಮಾತುಗಳೂ ಬೆರೆತುಹೋಗಿರುತ್ತವೆ. ಹಣದ ತೀರ್ಮಾನ ವೈದ್ಯಕೀಯದ ವೇಷ ಹಾಕಿಕೊಂಡು ಬರುತ್ತದೆ.

ಬೀದರ್ ಜಿಲ್ಲೆಯಲ್ಲಿ ಈ ಕಾಗದ ಬರುವ ದಾರಿಗಳು ಹಲವು. ಬಿಪಿಎಲ್ ಕಾರ್ಡಿನ ಕುಟುಂಬಗಳಿಗೆ 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ವರ್ಷಕ್ಕೆ ಕುಟುಂಬವೊಂದಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ. 2003ರ ಜೂನ್‌ನಲ್ಲಿ ತಿಂಗಳಿಗೆ ಐದು ರೂಪಾಯಿ ವಂತಿಗೆಯಲ್ಲಿ ಶುರುವಾದ ಆ ಯೋಜನೆ 2018ರಲ್ಲಿ ನಿಂತು 2023ರ ಜನವರಿಯಲ್ಲಿ ಮತ್ತೆ ಜಾರಿಗೆ ಬಂತು. ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ) ಸಾಲವೂ ಸ್ವಸಹಾಯ ಗುಂಪೂ ಮನೆಮಾತಾಗಿರುವ ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಿಗೆ ಇದು ಪರಿಚಿತ ಹೆಸರು. ಉಳಿದವರು ಏಜೆಂಟರ ಮೂಲಕ ಖಾಸಗಿ ಪಾಲಿಸಿ ಮಾಡಿಸುತ್ತಾರೆ, ಇಲ್ಲವೆ ಏನೂ ಇಲ್ಲದೆ ಇರುತ್ತಾರೆ.

ಇವುಗಳಲ್ಲಿ ಸರ್ಕಾರಿ ಯೋಜನೆಯ ಸ್ವರೂಪ ಗಮನಿಸಬೇಕಾದದ್ದು. ಅಲ್ಲಿ ಲಾಭ ಮಾಡುವ ಕಂಪನಿಯೇ ಇಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಸ್ಪತ್ರೆಗಳಿಗೆ ನೇರವಾಗಿ ಹಣ ಕೊಡುತ್ತದೆ. ಆದರೂ ನಿರಾಕರಣೆ ತಪ್ಪಿಲ್ಲ. ಯೋಜನೆ ಜಾರಿಯಾದಾಗ ಪಟ್ಟಿಯಲ್ಲಿದ್ದ ಚಿಕಿತ್ಸೆಗಳು 1,650. ಅವುಗಳಲ್ಲಿ 934 ಮೂರನೇ ಹಂತದ ಕ್ಲಿಷ್ಟ ಚಿಕಿತ್ಸೆಗಳು, 171 ತುರ್ತು ಚಿಕಿತ್ಸೆಗಳು. ತುರ್ತಿನದಕ್ಕೆ ಶಿಫಾರಸು ಬೇಡ. ಮೂರನೇ ಹಂತದ್ದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಔರಾದ್‌ನ ರೋಗಿ ತಾಲ್ಲೂಕು ಆಸ್ಪತ್ರೆಗೋ ಬೀದರ್‌ನ ವೈದ್ಯಕೀಯ ಕಾಲೇಜು ಆಸ್ಪತ್ರೆ ಬ್ರಿಮ್ಸ್‌ಗೋ ಹೋಗಿ, ಅಲ್ಲಿ ಆಗದೆಂದು ಬರೆಸಿಕೊಂಡು, ಕಲಬುರಗಿಗೋ ಸುಮಾರು 700 ಕಿ.ಮೀ. ದೂರದ ಬೆಂಗಳೂರಿಗೋ ಹೊರಡಬೇಕು. ಅಲ್ಲಿ ಯೋಜನೆಯ ನೆರವಿನ ಸಿಬ್ಬಂದಿಯಾದ ಆರೋಗ್ಯ ಮಿತ್ರರ ಟೇಬಲ್ಲಿನ ಮುಂದೆ ಪಡಿತರ ಚೀಟಿ, ಆಧಾರ್, ರೆಫರಲ್, ಸ್ಕ್ಯಾನ್ ಫಿಲ್ಮು, ರಿಪೋರ್ಟುಗಳನ್ನು ಒಂದೊಂದಾಗಿ ಹರವಿ ಕೂರಬೇಕು. ಆಸ್ಪತ್ರೆಯವರು ಅವನ್ನು ಸ್ಕ್ಯಾನ್ ಮಾಡಿ, ಪ್ಯಾಕೇಜಿನ ಕೋಡ್ ಹಾಕಿ, ಪೂರ್ವಾನುಮತಿಗೆ, ಅಂದರೆ ಪ್ರೀ-ಆಥ್‌ಗೆ ಕಳಿಸುತ್ತಾರೆ. ಆ ಕಡೆ ಕೂತ ವೈದ್ಯರು ರೋಗಿಯನ್ನು ಕಂಡವರಲ್ಲ. ಒಂದು ರಿಪೋರ್ಟು ಮಸುಕಾಗಿದ್ದರೆ, ಒಂದು ಪರೀಕ್ಷೆ ಬಿಟ್ಟುಹೋಗಿದ್ದರೆ ‘ಕ್ವೆರಿ’ ಬರುತ್ತದೆ. ಹೊರಗೆ ಬೆಂಚಿನ ಮೇಲೆ ಕೂತವರಿಗೆ ತಿಳಿಯುವುದು ಇಷ್ಟೇ: ಅಪ್ರೂವಲ್ ಇನ್ನೂ ಬಂದಿಲ್ಲ.

ಅಪಾಯದ ಚಿಕಿತ್ಸೆಯನ್ನು ಯಾವಾಗ ಕೈಗೊಳ್ಳಬೇಕು, ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಭಾರತೀಯ ವೈದ್ಯಶಾಸ್ತ್ರ ಹಿಂದೆಯೇ ಉತ್ತರ ಹುಡುಕಿತ್ತು. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮೂತ್ರಾಶಯದ ಕಲ್ಲನ್ನು ಶಸ್ತ್ರದಿಂದ ತೆಗೆಯುವ ವಿಧಾನವಿದೆ. ನುರಿತ ವೈದ್ಯನಿಗೂ ಇಲ್ಲಿ ಸಿದ್ಧಿ ನಿಶ್ಚಿತವಲ್ಲ, ಆದ್ದರಿಂದ ಬೇರೆ ದಾರಿಯೆಲ್ಲ ಮುಗಿದ ಮೇಲೆ ಮಾತ್ರ ಶಸ್ತ್ರ ಎಂದು ಗ್ರಂಥ ಎಚ್ಚರಿಸುತ್ತದೆ. ಆದರೆ ಏನೂ ಮಾಡದಿದ್ದರೆ ಸಾವು ನಿಶ್ಚಿತ, ಮಾಡಿದರೆ ಸಂಶಯವಾದರೂ ಉಳಿಯುತ್ತದೆ ಎಂಬ ಕಾರಣಕ್ಕೆ, ಒಡೆಯನ ಒಪ್ಪಿಗೆ ಪಡೆದು ಮುಂದುವರಿಯಬೇಕು ಎನ್ನುತ್ತದೆ. ಚರಕ ಸಂಹಿತೆ ಉದರರೋಗದ ಕೊನೆಯ ಹಂತದಲ್ಲಿ ವಿಷಪ್ರಯೋಗದ ಚಿಕಿತ್ಸೆ ಹೇಳುವಾಗಲೂ ಇದೇ ಜಾಡು ಹಿಡಿಯುತ್ತದೆ. ಬಂಧುಗಳು, ಗೆಳೆಯರು, ಹೆಂಡತಿ, ಗುರುಹಿರಿಯರು, ರಾಜ ಎಲ್ಲರಿಗೂ ವೈದ್ಯ ಇರುವ ಸಂಶಯವನ್ನು ಬಿಚ್ಚಿ ಹೇಳಬೇಕು. ಅವರು ಸರಿ ಅಂದರೆ ಮುಂದುವರಿಯಬೇಕು.

ಚರಕನಲ್ಲಿ ಇದರ ಇನ್ನೊಂದು ಮಗ್ಗುಲೂ ಇದೆ. ಸೂತ್ರಸ್ಥಾನದಲ್ಲಿ ರೋಗಗಳನ್ನು ಸುಲಭಸಾಧ್ಯ, ಕಷ್ಟಸಾಧ್ಯ, ಯಾಪ್ಯ, ಅಸಾಧ್ಯ ಎಂದು ವಿಂಗಡಿಸಿ, ಅಸಾಧ್ಯಕ್ಕೆ ಕೈ ಹಾಕುವ ವೈದ್ಯ ಹಣ, ವಿದ್ಯೆ, ಕೀರ್ತಿಗಳನ್ನು ಕಳೆದುಕೊಳ್ಳುತ್ತಾನೆಂದು ಹೇಳಲಾಗಿದೆ. ಅಂದರೆ ಕೈ ಚೆಲ್ಲುವುದರಲ್ಲಿ ಚಿಕಿತ್ಸೆ ಕೊಡುವವನ ಸ್ವಾರ್ಥವೂ ಇರಬಹುದೆಂಬ ಅರಿವು ಆಗಲೇ ಇತ್ತು. ಆದರೂ ಕಷ್ಟಸಾಧ್ಯವನ್ನು ಅಸಾಧ್ಯದ ಸಾಲಿಗೆ ತಳ್ಳಲು ಗ್ರಂಥ ಬಿಡುವುದಿಲ್ಲ. ಇಂದಿನ ಜಗಳಗಳಲ್ಲಿ ಬಹುಪಾಲು ನಡೆಯುವುದು ಈ ಎರಡರ ನಡುವಿನ ಗೆರೆಯ ಮೇಲೆಯೇ.

ಆ ಹಳೆಯ ಏರ್ಪಾಟಿನಲ್ಲಿ ರೋಗಿಯ ಕಡೆಯವರಿದ್ದಾರೆ, ವೈದ್ಯನಿದ್ದಾನೆ, ರಾಜನಿದ್ದಾನೆ. ಬೇರೆಯವರ ಹಣ ಹಿಡಿದು ಕೂತವನು ಇಲ್ಲ. ವಿಮೆ ತಂದದ್ದು ಈ ನಾಲ್ಕನೆಯವನನ್ನು. ಸಂಶಯವನ್ನು ಅವನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ, ಆದರೆ ತಿರುಗಾಮುರುಗಾ. ಸಂಹಿತೆಯಲ್ಲಿ ಸಂಶಯ ಚಿಕಿತ್ಸೆ ಮಾಡಲು ಕಾರಣವಾಗಿತ್ತು. ಅವನ ಕಡತದಲ್ಲಿ ಅದು ಮಾಡದಿರಲು ಕಾರಣ.

ಖಾಸಗಿ ಪಾಲಿಸಿಗಳಲ್ಲಿ ಇದಕ್ಕೆ ನಿಯಮದ ಆಧಾರವೇ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರ ಸೆಪ್ಟೆಂಬರ್‌ನಲ್ಲಿ ಸುತ್ತೋಲೆಯೊಂದರಲ್ಲಿ ಹೊರಗಿಡಬಹುದಾದ ಅಂಶಗಳನ್ನು ಏಕರೂಪಗೊಳಿಸಿತು. ಅವುಗಳಲ್ಲೊಂದು, ಸಾಬೀತಾಗದ ಚಿಕಿತ್ಸೆ. ಪರಿಣಾಮಕಾರಿ ಎನ್ನಲು ಸಾಕಷ್ಟು ವೈದ್ಯಕೀಯ ದಾಖಲೆಯಿಲ್ಲದ ಚಿಕಿತ್ಸೆಗೆ ಹಣ ಕೊಡಬೇಕಿಲ್ಲ. ಅದೇ ಸುತ್ತೋಲೆ ಇನ್ನೊಂದು ಕೈಯಲ್ಲಿ ಹನ್ನೆರಡು ಆಧುನಿಕ ಚಿಕಿತ್ಸೆಗಳನ್ನು ಹೆಸರಿಸಿ, ಇವನ್ನು ಪೂರ್ತಿ ಹೊರಗಿಡುವಂತಿಲ್ಲ ಎಂದಿತು. ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆಯ ಕಸಿ, ರೋಬೋಟ್ ಶಸ್ತ್ರಚಿಕಿತ್ಸೆ, ಮೆದುಳಿಗೆ ವಿದ್ಯುತ್ ಪ್ರಚೋದನೆ, ಮೊನೊಕ್ಲೋನಲ್ ಆಂಟಿಬಾಡಿ ಚುಚ್ಚುಮದ್ದು ಆ ಪಟ್ಟಿಯಲ್ಲಿವೆ. ಸಾಬೀತಾಗದ್ದನ್ನು ಹೊರಗಿಡುವ ನಿಯಮ ತಪ್ಪೇನಲ್ಲ. ಕೊನೆಯ ಆಸೆಯ ಬೆನ್ನು ಹತ್ತಿದ ಮನೆಯವರಿಗೆ ಯಾವ ಆಧಾರವೂ ಇಲ್ಲದ ಔಷಧಿ ಮಾರುವವರು ಎಲ್ಲೆಡೆ ಇದ್ದಾರೆ. ಆ ವ್ಯಾಪಾರಕ್ಕೆ ಸಾಮೂಹಿಕ ಹಣ ಹರಿಯಬಾರದು. ತೊಡಕಿರುವುದು ಬೇರೆ ಕಡೆ. ಒಂದು ಚಿಕಿತ್ಸೆ ನೂರು ರೋಗಿಗಳಲ್ಲಿ ನಲವತ್ತು ಮಂದಿಯನ್ನು ಉಳಿಸುತ್ತದೆ ಎಂದಿಟ್ಟುಕೊಂಡರೆ ಅದು ಸಾಬೀತಾದ ಚಿಕಿತ್ಸೆಯೇ. ಸಂಶಯ ಇರುವುದು ಎದುರಿಗಿರುವ ರೋಗಿ ನಲವತ್ತರಲ್ಲಿ ಒಬ್ಬನೋ ಅರವತ್ತರಲ್ಲಿ ಒಬ್ಬನೋ ಎಂಬುದರಲ್ಲಿ. ಚಿಕಿತ್ಸೆ ಸಾಬೀತಾಗಿದೆಯೇ ಎಂಬ ಮೊದಲ ಬಗೆಯ ಸಂಶಯವನ್ನು ಶಾಸ್ತ್ರ ಬಲ್ಲವರ ಸಮಿತಿ ಬಗೆಹರಿಸಬಹುದು. ಎರಡನೆಯದನ್ನು ಹೊರುವ ಹಕ್ಕು ರೋಗಿಯದು, ತೂಗಿ ಹೇಳುವ ಹೊಣೆ ಹತ್ತಿರವಿದ್ದು ನೋಡುವ ವೈದ್ಯರದು. ದೂರದ ಮೇಜಿನಿಂದ ‘ವೈದ್ಯಕೀಯವಾಗಿ ಅಗತ್ಯವಿಲ್ಲ’ ಎಂದು ಬರೆಯುವವರು ಎರಡನ್ನೂ ಒಂದೇ ಮಾಡುತ್ತಾರೆ.

ಹಾಗಾದರೆ ನಿಧಿ ಕಾಯುವವರ ಧರ್ಮವೇನು? ಬೀದರ್ ಜಿಲ್ಲೆಯ ಮಣ್ಣಿನಲ್ಲೇ ಇದಕ್ಕೆ ಉತ್ತರಗಳಿವೆ. ಹನ್ನೆರಡನೇ ಶತಮಾನದ ಕಲ್ಯಾಣ ಈ ಜಿಲ್ಲೆಯದೇ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಬಸವಕಲ್ಯಾಣದಲ್ಲಿ ಅನುಭವ ಮಂಟಪದ ಕಟ್ಟಡ ಎಬ್ಬಿಸಿ ಆ ನೆನಪನ್ನು ಊರಿಗೆ ಮರಳಿಸಿದರು. ಶರಣರ ದಾಸೋಹದಲ್ಲಿ ಕಾಯಕದ ಗಳಿಕೆ ಸಮುದಾಯಕ್ಕೆ ಸಲ್ಲುತ್ತದೆ, ಕೊಟ್ಟವನು ಮರಳಿ ಕೇಳುವುದಿಲ್ಲ. ನಾಳೆಗೆಂದು ಕೂಡಿಡುವುದನ್ನು ಶರಣರು ಮೆಚ್ಚಲಿಲ್ಲ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಮಾರಯ್ಯನಿಗೆ ಹೆಚ್ಚಿನದನ್ನು ಮರಳಿ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕತೆ ಇಲ್ಲಿ ಮಕ್ಕಳಿಗೂ ಗೊತ್ತು. ಮುಂದಿನ ಕಾಯಿಲೆಗೆ ಹೆದರಿ ಇಂದೇ ಹಣ ಕಟ್ಟುವ ವಿಮೆ ಆ ಕಣ್ಣಿನಿಂದ ನೋಡಿದರೆ ಅಪನಂಬಿಕೆಯಂತೆ ಕಾಣಬಹುದು. ಆದರೆ ವರ್ಷವಿಡೀ ಆರೋಗ್ಯವಾಗಿದ್ದವನ ಕಂತು ಬೇರೊಬ್ಬನ ಆಪರೇಷನ್ನಿಗೆ ಹೋಗುತ್ತದೆ, ಅವನಿಗೆ ಮರಳುವುದಿಲ್ಲ. ಯಶಸ್ವಿನಿಗೆ ತಿಂಗಳಿಗೆ ಐದು ರೂಪಾಯಿ ಕಟ್ಟಿ ಆಸ್ಪತ್ರೆಯ ಮುಖ ನೋಡದ ರೈತ ಮಾಡಿದ್ದು, ಅವನಿಗೆ ಗೊತ್ತಿರಲಿ ಇಲ್ಲದಿರಲಿ, ದಾಸೋಹವೇ.

ಆದರೂ ದಾಸೋಹದ ಮಾದರಿಯನ್ನು ಪೂರ್ತಿ ಎಳೆತರಲು ಬಾರದು. ಬೀದರ್‌ನ ಗುರುನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಾಗಲಿ ಮಠದ ಪಂಕ್ತಿಯಲ್ಲಾಗಲಿ ಜನ ಹೆಚ್ಚಾದರೆ ರೊಟ್ಟಿಯನ್ನು ಎರಡು ಮಾಡಿ ಹಂಚಬಹುದು, ಯಾರನ್ನೂ ಎಬ್ಬಿಸಿ ಕಳಿಸಬೇಕಿಲ್ಲ. ಹೃದಯದ ಬೈಪಾಸನ್ನು ಅರ್ಧರ್ಧ ಮಾಡಿ ಇಬ್ಬರಿಗೆ ಕೊಡಲಾಗದು. ಅರ್ಧ ಚಿಕಿತ್ಸೆಯಿಂದ ಯಾರೂ ಬದುಕುವುದಿಲ್ಲ. ಆದ್ದರಿಂದ ಕೊರತೆ ಬಂದಾಗ ಅನ್ನದಾನದಲ್ಲಿ ಏಳದ ಪ್ರಶ್ನೆ ವಿಮೆಯಲ್ಲಿ ಏಳುತ್ತದೆ: ಒಬ್ಬರಿಗೆ ಕೊಡುವುದೆಂದರೆ ಇನ್ನೊಬ್ಬರಿಗೆ ಇಲ್ಲ ಎನ್ನುವುದು.

ಇಸ್ಲಾಮಿನ ಧರ್ಮಶಾಸ್ತ್ರ ಈ ವಿಷಯವನ್ನು ಇನ್ನೂ ಬುಡಕ್ಕೆ ಇಳಿದು ನೋಡಿದೆ. ಬಹಮನಿಗಳ ರಾಜಧಾನಿಯಾಗಿದ್ದ, 1472ರಲ್ಲಿ ಮಹಮೂದ್ ಗವಾನ್ ಮದರಸಾ ಕಟ್ಟಿಸಿದ ಊರಿಗೆ ಈ ಚರ್ಚೆ ಹೊರಗಿನದಲ್ಲ. ಕೊಡುಕೊಳ್ಳುವಿಕೆಯಲ್ಲಿ ಒಬ್ಬನ ಲಾಭ ಅನಿಶ್ಚಿತತೆಯ ಮೇಲೆ ನಿಂತರೆ ಅದು ‘ಘರರ್’, ಸಲ್ಲದ್ದು. ಕಂತು ಕಟ್ಟಿದವನಿಗೆ ಏನು ಸಿಕ್ಕೀತು, ಯಾವಾಗ ಸಿಕ್ಕೀತು ಎಂಬುದು ಗೊತ್ತಿಲ್ಲ. ಕಂಪನಿಗೆ ಆ ಅನಿಶ್ಚಿತತೆಯೇ ಬಂಡವಾಳ. ಇಸ್ಲಾಮಿಕ್ ರಾಷ್ಟ್ರಗಳ ಸಂಘಟನೆಯ ಫಿಖ್ ಅಕಾಡೆಮಿ 1985ರ ಡಿಸೆಂಬರ್‌ನಲ್ಲಿ ಜಿದ್ದಾದಲ್ಲಿ ಸೇರಿ ವಾಣಿಜ್ಯ ವಿಮೆ ನಿಷಿದ್ಧ, ಪರಸ್ಪರ ನೆರವಿನ ಸಹಕಾರಿ ವಿಮೆ ಸಮ್ಮತ ಎಂದು ತೀರ್ಮಾನಿಸಿತು. ಸಹಕಾರಿ ಮಾದರಿಯಾದ ‘ತಕಾಫುಲ್’ನಲ್ಲಿ ನಿಧಿ ಸದಸ್ಯರದು, ನಡೆಸುವವರಿಗೆ ಸಿಗುವುದು ನಡೆಸುವ ಕೂಲಿ. ನಿರಾಕರಣೆಯ ಪ್ರಶ್ನೆಗೆ ಇದನ್ನು ಅನ್ವಯಿಸಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಉಳಿದ ಹಣ ಸದಸ್ಯರಿಗೇ ಸೇರುವಲ್ಲಿ ‘ಇಲ್ಲ’ ಎನ್ನುವವನಿಗೆ ಆ ಮಾತಿನಿಂದ ಲಾಭವಿಲ್ಲ. ಉಳಿದದ್ದು ತನ್ನದೇ ಆಗುವಲ್ಲಿ ಅವನು ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶ.

ನಿರಾಕರಣೆ ಸಣ್ಣ ಮೊತ್ತದ ಮಾತಲ್ಲ. ಐಆರ್‌ಡಿಎಐ ವಾರ್ಷಿಕ ವರದಿಯ ಪ್ರಕಾರ 2023–24ರಲ್ಲಿ ಆರೋಗ್ಯ ವಿಮೆಯಲ್ಲಿ ಸಲ್ಲಿಸಿದ ಕ್ಲೇಮುಗಳ ಮೊತ್ತ 1.17 ಲಕ್ಷ ಕೋಟಿ ರೂಪಾಯಿ. ಅದರಲ್ಲಿ 83,493 ಕೋಟಿ ಪಾವತಿಯಾಯಿತು. ಪಾಲಿಸಿಯ ಷರತ್ತಿನ ಹೆಸರಿನಲ್ಲಿ ಒಪ್ಪದೆ ಬಿಟ್ಟದ್ದು ಸುಮಾರು 15,100 ಕೋಟಿ, ತಿರಸ್ಕರಿಸಿದ್ದು 10,937 ಕೋಟಿ.

ನಿಧಿಗೆ ಮಿತಿಯಿದೆ ಎಂಬ ವಾದವನ್ನು ನ್ಯಾಯಾಲಯಗಳು ಎರಡು ದಿಕ್ಕಿನಲ್ಲೂ ಕೇಳಿವೆ. ಇಂಗ್ಲೆಂಡಿಗೆ ಹೋಗಿದ್ದಾಗ ಹೃದಯ ಕೈಕೊಟ್ಟು ಲಂಡನ್ನಿನಲ್ಲೇ ಬೈಪಾಸ್ ಮಾಡಿಸಿಕೊಂಡ ಪಂಜಾಬ್ ಸರ್ಕಾರಿ ನೌಕರರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಜನವರಿಯಲ್ಲಿ, ಜೀವ ಉಳಿಸಿಕೊಳ್ಳಲು ಹೊರಟವನು ವೈದ್ಯಕೀಯ ಮಂಡಳಿಯ ಸಾಲಿನಲ್ಲಿ ಕಾದು ನಿಲ್ಲಬೇಕಿಲ್ಲ ಎಂದಿತು. ತೀರ್ಪಿನಲ್ಲಿ ಗರುಡ ಪುರಾಣವನ್ನೂ ನೆನೆಯಿತು: ದೇಹವಿಲ್ಲದೆ ಯಾವ ಪುರುಷಾರ್ಥವೂ ಇಲ್ಲ, ಆದ್ದರಿಂದ ದೇಹವನ್ನು ಕಾಯುವುದು ಧರ್ಮವೇ. ಹಾಗಿದ್ದೂ ಕೊಡಿಸಿದ್ದು ಲಂಡನ್ನಿನ ಬಿಲ್ಲಲ್ಲ, ದೆಹಲಿಯ ಆಸ್ಪತ್ರೆಯೊಂದರ ದರ. ಅದೇ ವರ್ಷದ ಮೇ ತಿಂಗಳಲ್ಲಿ, ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದವನನ್ನು ಕಲ್ಕತ್ತದ ಆಸ್ಪತ್ರೆಗಳು ಒಂದಾದಮೇಲೊಂದರಂತೆ ಸೇರಿಸಿಕೊಳ್ಳದ ಪ್ರಕರಣದಲ್ಲಿ, ಹಣದ ಕೊರತೆ ಎಂದು ಸರ್ಕಾರ ಜಾರಿಕೊಳ್ಳುವಂತಿಲ್ಲ ಎಂದಿತು. ಎರಡೇ ವರ್ಷಕ್ಕೆ, 1998ರಲ್ಲಿ, ಮತ್ತೆ ಪಂಜಾಬ್ ನೌಕರರ ಪ್ರಕರಣದಲ್ಲಿ, ಯಾವ ಸರ್ಕಾರದ ಬೊಕ್ಕಸವೂ ಅಕ್ಷಯವಲ್ಲ, ದರಕ್ಕೆ ಮಿತಿ ಹಾಕಬಹುದು ಎಂದಿತು. ಇವು ಒಂದನ್ನೊಂದು ಹೊಡೆಯುವಂತೆ ಕಾಣುತ್ತವೆ, ಆದರೆ ಹಾಗಲ್ಲ. ಕೋರ್ಟು ಮಿತಿಯನ್ನು ಒಪ್ಪಿದ್ದು ಅದು ಮೊದಲೇ, ಎಲ್ಲರಿಗೂ, ಹಣದ ಹೆಸರಿನಲ್ಲೇ ಗೊತ್ತಾಗಿದ್ದಾಗ. ಬಾಗಿಲಿಗೆ ಬಂದ ಒಬ್ಬನ ಮುಖ ನೋಡಿ ಹಾಕುವ ಮಿತಿಯನ್ನು ಒಪ್ಪಲಿಲ್ಲ.

ಮೊದಲೇ ಗೊತ್ತುಮಾಡುವುದೂ ಸುಲಭವಲ್ಲ. ಅಮೆರಿಕದ ಒರೆಗಾನ್ ರಾಜ್ಯ 1987ರಲ್ಲಿ ಬಡವರ ವಿಮೆಯಿಂದ ಅಂಗಾಂಗ ಕಸಿಯನ್ನು ಕೈಬಿಟ್ಟಿತು. ಕೆಲವರ ಕಸಿಯ ಹಣದಲ್ಲಿ ಸಾವಿರಾರು ಗರ್ಭಿಣಿಯರನ್ನೂ ಮಕ್ಕಳನ್ನೂ ನೋಡಿಕೊಳ್ಳಬಹುದು ಎಂಬುದು ಲೆಕ್ಕ. ಅದೇ ವರ್ಷ ಅಸ್ಥಿಮಜ್ಜೆಯ ಕಸಿಗೆ ಕಾದಿದ್ದ ಏಳು ವರ್ಷದ ಹುಡುಗ ತೀರಿಕೊಂಡ, ರಾಜ್ಯವಿಡೀ ತಲ್ಲಣಿಸಿತು. ಮುಂದೆ ಜನರ ಸಭೆಗಳನ್ನು ನಡೆಸಿ, ಚಿಕಿತ್ಸೆಗಳನ್ನು ಆದ್ಯತೆಯಂತೆ ಸಾಲಾಗಿ ಬರೆದು, 1994ರಿಂದ ಆ ಪಟ್ಟಿಯನ್ನು ಜಾರಿಗೆ ತಂದರು. ಕಣ್ಣೆದುರು ಮುಳುಗುವವನನ್ನು ಎತ್ತಲೇಬೇಕೆಂಬ ಒತ್ತಡವನ್ನು ವೈದ್ಯಕೀಯ ನೀತಿಶಾಸ್ತ್ರಜ್ಞ ಆಲ್ಬರ್ಟ್ ಜಾನ್ಸನ್ 1986ರಲ್ಲಿ ‘ರಕ್ಷಣೆಯ ನಿಯಮ’ ಎಂದು ಕರೆದಿದ್ದರು. ಹೆಸರಿರುವ ಒಬ್ಬನ ಜೀವ ಹೆಸರಿಲ್ಲದ ಹತ್ತು ಜೀವಗಳಿಗಿಂತ ತೂಕದ್ದೆನಿಸುತ್ತದೆ.

ಈ ತಕ್ಕಡಿಯ ಎರಡೂ ತಟ್ಟೆಗಳನ್ನು ಕಲ್ಯಾಣ ಕರ್ನಾಟಕ ನೋಡಿದೆ. ದೊಡ್ಡ ಕಾಯಿಲೆಗಳಿಗೆಂದೇ ಹುಟ್ಟಿದ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಜಾರಿಯಾದದ್ದು ಬೀದರ್ ಸೇರಿದ ಗುಲಬರ್ಗಾ ವಿಭಾಗದಲ್ಲಿ. ಹೃದ್ರೋಗ, ಕ್ಯಾನ್ಸರ್, ನರರೋಗ, ಮೂತ್ರಪಿಂಡ, ಸುಟ್ಟಗಾಯ, ಅಪಘಾತ, ನವಜಾತ ಶಿಶುಗಳ ಚಿಕಿತ್ಸೆ ಅದರ ವ್ಯಾಪ್ತಿ. ಯೋಜನೆ ಬಂದಿದ್ದ ಪ್ರದೇಶದ ಅಂಚಿನ 300 ಹಳ್ಳಿಗಳನ್ನು, ಇನ್ನೂ ಬರದ ಪಕ್ಕದ 272 ಹಳ್ಳಿಗಳ ಜೊತೆ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಾದ ಸಾವಿನ ಪ್ರಮಾಣ ಯೋಜನೆ ಬಂದಿದ್ದ ಹಳ್ಳಿಗಳಲ್ಲಿ ಶೇ. 0.32, ಬರದ ಹಳ್ಳಿಗಳಲ್ಲಿ ಶೇ. 0.90. ದುಬಾರಿ ಚಿಕಿತ್ಸೆಗೆ ಹಾಕಿದ ಹಣ ಪೋಲು ಎನ್ನುವವರು ಈ ಎರಡು ಅಂಕಿಗಳಿಗೆ ಉತ್ತರ ಹೇಳಬೇಕಾಗುತ್ತದೆ.

ರೋಗಿಯ ಇಚ್ಛೆಗೆ ಕಾನೂನು ಕೊಡುವ ಬೆಲೆಯಲ್ಲೂ ಒಂದು ಓರೆ ಇದೆ. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು. ಗುಣವಾಗದ ಸ್ಥಿತಿಯಲ್ಲಿರುವ ರೋಗಿ ಬೇಡವೆಂದರೆ ವೆಂಟಿಲೇಟರ್ ತೆಗೆಯಬಹುದು. ಬೇಡ ಎನ್ನುವ ಮಾತಿಗೆ ಇಷ್ಟು ಬೆಲೆ ಇರುವಲ್ಲಿ, ಸಂಶಯವನ್ನು ಅರಿತೇ ಬೇಕು ಎನ್ನುವ ಮಾತಿಗೆ ಯಾಕಿಲ್ಲ? ಬೇಡ ಎನ್ನುವವನು ಯಾರ ಹಣವನ್ನೂ ಮುಟ್ಟುವುದಿಲ್ಲ, ಬೇಕು ಎನ್ನುವವನು ಮುಟ್ಟುತ್ತಾನೆ ಎಂಬುದು ನಿಜವಾದ ಉತ್ತರ. ಈ ಉತ್ತರ ಪ್ರಾಮಾಣಿಕವಾದದ್ದು. ಆದರೆ ಇದು ಹಣದ ಉತ್ತರ. ಇದನ್ನು ಹಣದ ಹೆಸರಿನಲ್ಲೇ ಹೇಳಿದರೆ ಮನೆಯವರು ಹೊಲವನ್ನೋ ಬಂಗಾರವನ್ನೋ ಒತ್ತೆ ಇಟ್ಟು ಬೇರೆ ದಾರಿ ನೋಡುತ್ತಾರೆ, ಇಲ್ಲವೆ ಮೇಲ್ಮನವಿ ಹಾಕುತ್ತಾರೆ. ‘ಚಿಕಿತ್ಸೆಯಿಂದ ಪ್ರಯೋಜನವಿಲ್ಲ’ ಎಂದು ಹೇಳಿದರೆ ಅವರು ರೋಗಿಯನ್ನು ಮನೆಗೆ ಕರೆತರುತ್ತಾರೆ. ಎರಡು ಮಾತುಗಳ ನಡುವಿನ ಅಂತರ ಇಷ್ಟು.

ತಿರಸ್ಕಾರಕ್ಕೆ ಇನ್ನೊಂದು ನೆಪ, ಕಾಯಿಲೆ ಮುಚ್ಚಿಟ್ಟಿದ್ದು. ವಿಮೆಯ ಒಪ್ಪಂದ ಪರಮ ವಿಶ್ವಾಸದ ಮೇಲೆ ನಿಂತದ್ದು, ಇರುವ ಕಾಯಿಲೆ ಹೇಳಲೇಬೇಕು ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದೆ. ಹೇಳಿದ್ದನ್ನು ಕೇಳಿ ಪಾಲಿಸಿ ಕೊಟ್ಟ ಮೇಲೆ ಅದೇ ಕಾಯಿಲೆಯ ನೆಪದಲ್ಲಿ ಕೈ ಎತ್ತುವಂತಿಲ್ಲ ಎಂದು 2021ರಲ್ಲಿ ಹೇಳಿತು. ನ್ಯಾಯ ಸರಿಯಾಗಿಯೇ ಇದೆ. ಆದರೆ ಬೀದರ್ ಕಡೆಯ ಮನೆಗಳಲ್ಲಿ ಮಾತು ಕನ್ನಡ, ಮರಾಠಿ, ಉರ್ದು, ತೆಲುಗುಗಳಲ್ಲಿ, ಅರ್ಜಿ ಇಂಗ್ಲಿಷಿನಲ್ಲಿ. ‘ಶುಗರ್ ಐತಾ, ಬಿಪಿ ಐತಾ’ ಎಂದು ಕೇಳದೆಯೇ ಏಜೆಂಟ್ ‘ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿ ಸಹಿ ಮಾಡಿಸಿಕೊಂಡಿದ್ದರೆ ವಿಶ್ವಾಸ ಮುರಿದವರು ಯಾರು? ಪಾಲಿಸಿಯ ಮುಖ್ಯಾಂಶಗಳ ಹಾಳೆಯನ್ನು ಗ್ರಾಹಕ ಕೇಳಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂಬ ನಿಯಮ 2024ರ ಜನವರಿಯಿಂದ ಇದೆ. ಕೇಳಬಹುದೆಂದು ಗೊತ್ತಿರುವವರಿಗೆ ಅದು ಉಪಯೋಗ. ಐದು ವರ್ಷ ಸತತ ಕಂತು ಕಟ್ಟಿದ ಪಾಲಿಸಿಯನ್ನು, ವಂಚನೆ ಸಾಬೀತಾಗದ ಹೊರತು, ಮುಚ್ಚಿಟ್ಟ ಕಾರಣಕ್ಕೆ ಪ್ರಶ್ನಿಸುವಂತಿಲ್ಲ. ಮೊದಲು ಇದು ಎಂಟು ವರ್ಷವಿತ್ತು.

ತಿರಸ್ಕಾರವನ್ನು ಪ್ರಶ್ನಿಸುವ ದಾರಿಗಳು ಈಗ ಹಿಂದಿಗಿಂತ ಸ್ಪಷ್ಟವಾಗಿವೆ. ವಿಮಾ ಪ್ರಾಧಿಕಾರದ 2024ರ ಮೇ 29ರ ಸುತ್ತೋಲೆಯಂತೆ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜಿನ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಉತ್ತರ ಬರಬೇಕು. ಕಂಪನಿಯ ಪರಿಶೀಲನಾ ಸಮಿತಿ ನೋಡದೆ ಕ್ಲೇಮ್ ತಿರಸ್ಕರಿಸುವಂತಿಲ್ಲ. ಪಾಲಿಸಿಯ ಯಾವ ಷರತ್ತಿನ ಮೇಲೆ ತಿರಸ್ಕರಿಸಿದ್ದೆಂದು ಬರೆದು ತಿಳಿಸಬೇಕು. ಒಪ್ಪದವರು 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯವನ್ನು ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ಒಯ್ಯಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರುದಾರ ವಾಸಿಸುವ ಊರಿನಲ್ಲೇ ದೂರು ಕೊಡಲು ಬಿಡುವುದರಿಂದ ಬೀದರ್‌ನ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ.

ಈ ದಾರಿಗಳಿಗೆಲ್ಲ ಒಂದು ಕಾಗದ ಬೇಕು. ಅಪಾಯದ ರೋಗಿಯನ್ನು ಹೊರಗಿಡುವ ಬಹಳಷ್ಟು ತೀರ್ಮಾನಗಳು ಕಾಗದಕ್ಕೆ ಇಳಿಯುವುದೇ ಇಲ್ಲ. ಸರ್ಕಾರಿ ಯೋಜನೆಯಲ್ಲಿ ಪ್ರತಿ ಚಿಕಿತ್ಸೆಗೂ ನಿಗದಿ ಪ್ಯಾಕೇಜ್ ಇದೆ. ಐವತ್ತರ ಗಟ್ಟಿ ಆಳಿಗೂ, ಶುಗರ್ ಹಿಡಿದು ಮೂತ್ರಪಿಂಡ ಸೋತ ಎಪ್ಪತ್ತೈದರ ಅಜ್ಜನಿಗೂ ಬೈಪಾಸಿನ ದರ ಒಂದೇ. ಅಜ್ಜ ಐಸಿಯುನಲ್ಲಿ ಹತ್ತು ದಿನ ಹೆಚ್ಚು ಉಳಿದರೆ ಆ ಖರ್ಚು ಆಸ್ಪತ್ರೆಯ ತಲೆಗೆ. ಹೀಗಾಗಿ ಟ್ರಸ್ಟ್ ಹೇಳಬೇಕಿದ್ದ ‘ಇಲ್ಲ’ವನ್ನು ಆಸ್ಪತ್ರೆ ಹೇಳುವ ಪ್ರಸಂಗ ಬರುತ್ತದೆ, ಅದೂ ಬಾಯಿಮಾತಿನಲ್ಲಿ: ಬೆಡ್ ಖಾಲಿ ಇಲ್ಲ, ಹೈರಿಸ್ಕ್ ಕೇಸು, ಹೈದರಾಬಾದಿಗೆ ತಗೊಂಡು ಹೋಗ್ರಿ. ಬೀದರ್‌ನಿಂದ ಹೈದರಾಬಾದು ಸುಮಾರು 140 ಕಿ.ಮೀ.; ಔರಾದ್‌, ಭಾಲ್ಕಿಯವರಿಗೆ ಉದಗೀರ್, ಲಾತೂರ್‌ ಹತ್ತಿರ. ಗಡಿ ದಾಟಿದ ಮೇಲೆ ಆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ಹೊಸದಾಗಿ ವಿಚಾರಿಸಬೇಕು. ಇಲ್ಲದಿದ್ದರೆ ನಗದು ಕಟ್ಟಿ ಸೇರಿಸಬೇಕು. 2016ರಿಂದ ಕಲಬುರಗಿಯಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಗಳ ಹೊಸ ಕಟ್ಟಡ ಪಡೆದ ಮೇಲೆ ಹೃದಯದ ಕಾಯಿಲೆಯವರಿಗೆ ಸರ್ಕಾರಿ ಆಸರೆ ಹತ್ತಿರವಾಗಿದೆ. ಯಕೃತ್ತಿನ ಕಸಿಗೆ, ಅಸ್ಥಿಮಜ್ಜೆಯ ಕಸಿಗೆ ಇನ್ನೂ ಬೆಂಗಳೂರೋ ಹೈದರಾಬಾದೋ ಆಗಬೇಕು. ಬಾಯಿಮಾತಿನ ನಿರಾಕರಣೆ ಪಡೆದು ವಾಪಸಾದವರ ಅರ್ಜಿಯೇ ಸಲ್ಲಿಕೆಯಾಗಿರುವುದಿಲ್ಲ. ಪ್ರಾಧಿಕಾರದ ವಾರ್ಷಿಕ ವರದಿಯ ಕೋಟಿಗಳಲ್ಲಿ ಅವರು ಸೇರಿಲ್ಲ, ಒಂಬುಡ್ಸ್‌ಮನ್‌ರ ಕಡತದಲ್ಲೂ ಇಲ್ಲ.